ಬಿಚ್ಚಿಟ್ಟ ಮನೆಯ ಬೆಳಕು

ಸ್ಕೇಲಕ್ಕ ಯಾವ ಮನೆಗೆ ಅಳತೆಗೆ ಹೋದರೂ ಮೊದಲು ಓದಲು ಕೂರುತ್ತಾರೆ. ಕೆಮ್ಮಿನ ಔಷಧಿಯ ಡಬ್ಬಿಯೊಳಗೆ ಮಡಿಸಿಟ್ಟಿರುತ್ತಾರಲ್ಲ, ಇರುವೆ ಸಾಲಿನಂಥ ಅಕ್ಷರಗಳ ಚೀಟಿ, ಅದೇ ಅವರ ಪುಸ್ತಕ. ಒಂದೊಂದು ಕೋಣೆಯಲ್ಲೂ ದೀಪ ಹಾಕದೆ, ಚೀಟಿಯನ್ನು ಮಡಿಲಲ್ಲಿ ಹಿಡಿದು ಕೂತು, ಕಣ್ಣು ಕಿರಿದು ಮಾಡದೆ ಎಷ್ಟು ಹೊತ್ತಿನವರೆಗೆ ಓದಲಾಗುತ್ತದೆ ಎಂದು ನೋಡುತ್ತಾರೆ. ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳಲು ಶುರುವಾದ ಗಳಿಗೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಬೆಳಕು ಅಳೆಯುವ ಯಂತ್ರವೊಂದು ಅವರ ಆಫೀಸಿನ ಕಪಾಟಿನಲ್ಲೇ ಇದೆ.

"ಯಂತ್ರ ಅಂಕಿ ಹೇಳತ್ತೆ ಕಣ್ರೀ," ಎನ್ನುತ್ತಾರೆ. "ಆ ಅಂಕೀಲಿ ಸೂಜಿಗೆ ದಾರ ಪೋಣಿಸಬಹುದೋ ಇಲ್ವೋ ಅಂತ ಅದಕ್ಕೇನು ಗೊತ್ತು?"

ನಾವಿಬ್ಬರೂ ಇಪ್ಪತ್ತು ವರ್ಷದಿಂದ ಎದುರುಬದುರು ಬಾಗಿಲಿನವರು. ಒಣಗಿದ ಬಟ್ಟೆ ಮಡಿಸುವ ಹೊತ್ತಿನಲ್ಲಿ ಅವರು ಸ್ವಲ್ಪ ಸ್ವಲ್ಪವಾಗಿ ಹೇಳಿದ್ದು ಇದು. ಒಂದೆರಡು ಕಡೆ ನಾನೂ ಜೊತೆಗಿದ್ದೆ.

ಹದಿನೇಳನೆಯ ವಯಸ್ಸಿಗೆ ಅವರು ಇಂಜಿನಿಯರ್ ಸಾಹೇಬರ ಆಫೀಸಿಗೆ ಸೇರಿದ್ದು ಕೈಬರಹ ಮುದ್ದಾಗಿತ್ತೆಂಬ ಒಂದೇ ಕಾರಣಕ್ಕೆ. ಸಾಹೇಬರು ಪೆನ್ಸಿಲಿನಲ್ಲಿ ಗೀಚಿದ್ದನ್ನು ಪಾರದರ್ಶಕ ಹಾಳೆಯ ಮೇಲೆ ಮಸಿಯಲ್ಲಿ ತಿದ್ದಿ ಬರೆಯುವುದು ಕೆಲಸ. ತಪ್ಪಾದರೆ ಬ್ಲೇಡಿನ ಅಂಚಿನಿಂದ ಉಸಿರು ಹಿಡಿದು ಕೆರೆಯಬೇಕು. ಕೆರೆದೂ ಕೆರೆದೂ ಮನೆ ಅಂದರೇನು ಎಂದು ಕಲಿತರು. ಮೆಟ್ಟಿಲು ಎಷ್ಟು ಎತ್ತರವಾದರೆ ಮಂಡಿ ನೋಯುತ್ತದೆ, ಯಾವ ಮೂಲೆಯಲ್ಲಿ ಬಾಗಿಲಿಟ್ಟರೆ ಮಂಚ ಹಿಡಿಸುವುದಿಲ್ಲ, ಎಲ್ಲ ಗೆರೆಗಳಿಂದಲೇ ತಿಳಿಯಿತು. ಕಂಪ್ಯೂಟರ್ ಬಂದಾಗ ಜೊತೆಯಲ್ಲಿದ್ದ ಇಬ್ಬರು ಕೆಲಸ ಬಿಟ್ಟರು. ಇವರು ಊಟದ ಬಿಡುವಿನಲ್ಲಿ ಕೂತು ಅದನ್ನೂ ಕಲಿತರು. ಚೀಲದಲ್ಲಿ ಯಾವಾಗಲೂ ಇರುವ ಆರಂಗುಲದ ಉಕ್ಕಿನ ಸ್ಕೇಲಿನಿಂದ ಆ ಹೆಸರು ಬಂತು. ಮೂವತ್ತೊಂದು ವರ್ಷ ಅವರು ಎಳೆದ ಪ್ರತಿ ನಕ್ಷೆಯ ಮೂಲೆಯ ಚೌಕದಲ್ಲಿ 'ವಿನ್ಯಾಸ' ಎಂಬಲ್ಲಿ ಸಾಹೇಬರ ಹೆಸರು, 'ಎಳೆದವರು' ಎಂಬಲ್ಲಿ ಇವರ ಎರಡಕ್ಷರ.

ಸಾಹೇಬರಿಗೆ ಬೆನ್ನುನೋವು ಶುರುವಾದ ವರ್ಷ ಒಂದು ಹಳೆಯ ಮನೆಯವರು ಬಂದರು. ನೂರಿಪ್ಪತ್ತು ವರ್ಷದ ಮನೆ, ಸರ್ಕಾರದ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿರುವಂಥದ್ದು. ಹಿತ್ತಿಲಲ್ಲಿ ಹೊಸ ಕಾಲದ, ಗಾಜಿನ, ಬೆಳಕು ತುಂಬಿದ ಒಂದು ಊಟದ ಕೋಣೆ ಸೇರಿಸಬೇಕು, ಹಳೆಯದಕ್ಕೆ ಧಕ್ಕೆ ಆಗಬಾರದು.

"ಮೆಟ್ಟಿಲು ಹತ್ತಿಳಿಯೋದು ನನ್ನ ಕೈಲಾಗಲ್ಲ. ಇದನ್ನ ನೀನೇ ಮಾಡಮ್ಮ," ಎಂದರು ಸಾಹೇಬರು. "ಲೆಕ್ಕ ನಾನು ನೋಡ್ತೀನಿ. ವಿನ್ಯಾಸ ಅನ್ನೋ ಕಡೆ ನಿನ್ನ ಹೆಸರೇ ಹಾಕ್ಕೋ."

ಆ ದಿನ ಸಂಜೆ ಸ್ಕೇಲಕ್ಕ ನನ್ನ ಬಾಗಿಲಲ್ಲಿ ಬಂದು ನಿಂತರು. ಮುಖದಲ್ಲಿ ಸಂತೋಷವೇನೂ ಇರಲಿಲ್ಲ. "ಕಾಲೇಜಿನ ಮೆಟ್ಟಿಲು ಹತ್ತಿದೋಳಲ್ಲ ನಾನು. ಏನಾದ್ರೂ ಎಡವಟ್ಟಾದ್ರೆ 'ನೋಡಿದ್ರಾ, ಗೆರೆ ಎಳೆಯೋಳ ಕೈಗೆ ಮನೆ ಕೊಟ್ರು' ಅಂತಾರೆ," ಎಂದರು. ಮರುದಿನದಿಂದಲೇ ಊಟ ಅರ್ಧಕ್ಕಿಳಿಯಿತು.

ಆ ಮನೆ ಉದ್ದಕ್ಕೆ ರೈಲುಡಬ್ಬಿಯ ಹಾಗೆ. ಎರಡೂ ಪಕ್ಕ ನೆರೆಮನೆಗಳ ಗೋಡೆ ಅಂಟಿಕೊಂಡಿವೆ. ಹಾಗಾಗಿ ಬೆಳಕು ಬರುವುದಿದ್ದರೆ ಬೀದಿ ಕಡೆಯಿಂದ ಇಲ್ಲವೇ ಹಿತ್ತಿಲ ಕಡೆಯಿಂದ, ಬಿಟ್ಟರೆ ಸೂರಿನ ಗವಾಕ್ಷಿಯಿಂದ. ಮುಂದೆ ಪಡಸಾಲೆ, ಆಮೇಲೆ ಮೆಟ್ಟಿಲಿನ ಅಂಕಣ, ಕೊನೆಗೆ ಒಳಕೋಣೆ. ಒಳಕೋಣೆಯ ಹಿಂಗೋಡೆಯಲ್ಲಿ ಹಿತ್ತಿಲಿಗೆ ತೆರೆಯುವ ಒಂದು ಕಿಟಕಿ. ಪಕ್ಕದಲ್ಲಿ ಆಮೇಲೆ ಯಾವಾಗಲೋ ಕಟ್ಟಿದ ಅಡುಗೆಮನೆ. ಹೊಸ ಕೋಣೆ ಬರಬೇಕಾದದ್ದು ಅಡುಗೆಮನೆಗೆ ಹೊಂದಿಕೊಂಡು, ಸರಿಯಾಗಿ ಆ ಕಿಟಕಿಯ ಎದುರು.

ಮೊದಲ ಸಲ ಹೋದಾಗ ಮನೆಯ ಹಿರಿಯ ಸೊಸೆಯೇ ಬಾಗಿಲಿಗೆ ಬಂದರು. ಐವತ್ತೈದು ದಾಟಿದ, ಸೆರಗಿನ ತುದಿಯಲ್ಲಿ ಸದಾ ಕೈ ಒರೆಸಿಕೊಳ್ಳುತ್ತಿರುವ ಹೆಂಗಸು. "ಬನ್ನಿ, ಬನ್ನಿ. ಒಂದ್ನಿಮಿಷ ಕೂತ್ಕೊಳ್ಳಿ, ಮನೆ ಬಿಚ್ಚಿಬಿಡ್ತೀನಿ."

ಮನೆ ಬಿಚ್ಚುವುದು ಎಂಬುದು ಆ ಕುಟುಂಬದ ಮಾತು. ಹಳೆಯ ಮನೆ ನೋಡಲೆಂದು ಆಗಾಗ ಯಾರಾದರೂ ಬರುತ್ತಾರೆ. ಬಂದವರಿಗೆ ಮನೆ ಕತ್ತಲಾಗಿ ಕಾಣಬಾರದೆಂದು ತಲೆಬಾಗಿಲಿನ ಎರಡೂ ಕದ ತೆಗೆಯುತ್ತಾರೆ, ಬೀದಿ ಕಡೆಯ ಕಿಟಕಿಗಳ ಹಲಗೆ ಮಡಿಸುತ್ತಾರೆ, ಅಂಕಣಗಳ ನಡುವಿನ ಜೋಡಿ ಬಾಗಿಲುಗಳನ್ನು ಗೋಡೆಗೆ ಒರಗಿಸುತ್ತಾರೆ. ಕೊನೆಗೆ ಮೆಟ್ಟಿಲ ಮೇಲಿನ ಗವಾಕ್ಷಿಯ ಮುಚ್ಚಳವನ್ನು ಹಗ್ಗ ಎಳೆದು ತೆರೆಯುತ್ತಾರೆ. ಆಗ ಬೀದಿಯ ಬೆಳಕು ಒಳಕೋಣೆಯವರೆಗೂ ಹಾಸಿದಂತೆ ಬಂದು ಬೀಳುತ್ತದೆ. ಸ್ಕೇಲಕ್ಕ ಏಳು ಸಲ ಅಳತೆಗೆ ಹೋದರು, ಏಳು ಸಲವೂ ಹೇಳಿ ಹೋದರು, ಏಳು ಸಲವೂ ಆ ಸೊಸೆ ಮನೆ ಬಿಚ್ಚಿದರು. ಒಳಕೋಣೆಯಲ್ಲಿ, ಹಿತ್ತಿಲ ಕಿಟಕಿ ಮುಚ್ಚಿ ನೋಡಿದರೂ, ಔಷಧಿ ಚೀಟಿ ಸಂಜೆ ಐದೂಮುಕ್ಕಾಲರವರೆಗೆ ನಿಚ್ಚಳವಾಗಿ ಓದಲು ಬಂತು.

ಆ ಕೋಣೆಯಲ್ಲಿ ಇರುತ್ತಿದ್ದವರು ಮನೆಯ ಹಿರಿಯರಾದ ಚಿಕ್ಕಪ್ಪ. ಹಿರಿಸೊಸೆಗೆ ಅವರು ಗಂಡನ ಚಿಕ್ಕಪ್ಪ, ಊರಿಗೆಲ್ಲ ಗಡಿಯಾರದ ಚಿಕ್ಕಪ್ಪ. ಎಪ್ಪತ್ತಾರು ವರ್ಷ, ಮದುವೆಯಾದವರಲ್ಲ. ಹಿಂದೆ ಬೀದಿಯ ತುದಿಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದರು, ಅದು ಮುಚ್ಚಿ ವರ್ಷಗಳಾಗಿದ್ದವು. ಸ್ಕೇಲಕ್ಕ ಹೋದಾಗಲೆಲ್ಲ ಅವರು ಕಿಟಕಿಯ ಬಳಿಯ ಮೇಜಿನ ಮೇಲೆ ಬಟ್ಟೆ ಹೊದಿಸಿ, ಪಡಸಾಲೆಗೆ ಬಂದು, ಕೈಕಟ್ಟಿ ಕೂತು ಹರಟುತ್ತಿದ್ದರು.

"ಈಗ ಏನು ಕೆಲಸ ಚಿಕ್ಕಪ್ಪ?"

"ಕೆಲಸ ಎಲ್ಲಿ ಬಂತು? ಕಾಲ ಕಳೆಯೋದೇ ಕೆಲಸ. ಮುಂಚೆ ಬೇರೆಯವರ ಕಾಲ ಸರಿ ಮಾಡ್ತಿದ್ದೆ, ಈಗ ನನ್ನದನ್ನ ಕಳೀತಿದೀನಿ."

ಸ್ಕೇಲಕ್ಕ ನಕ್ಕು, ನಕ್ಷೆಯಲ್ಲಿ ಕಿಟಕಿಯ ಪಕ್ಕ 'ಮೇಜು' ಎಂದು ಬರೆದುಕೊಂಡರು.

ಹಿರಿಸೊಸೆಗೆ ಬೇಕಾಗಿದ್ದದ್ದು ಒಂದೇ. ಮನೆಯಲ್ಲಿ ಒಂಬತ್ತು ಜನ, ಊಟದ ಮೇಜು ಆರು ಜನರದ್ದು. ಮೂವತ್ತೆರಡು ವರ್ಷದಿಂದ ಎರಡು ಸರದಿಯ ಊಟ. ಅವರದು ಯಾವಾಗಲೂ ಎರಡನೆಯ ಸರದಿ, ಅದೂ ಉಳಿದಿಬ್ಬರು ಎದ್ದುಹೋದ ಮೇಲೆ. "ನಂಗೆ ಗಾಜು ಗೀಜು ಏನೂ ಗೊತ್ತಿಲ್ಲ. ಎಲ್ಲರೂ ಒಂದೇ ಸಲ ಕೂತು, ಏನು ತಿಂತಿದೀವಿ ಅಂತ ಕಾಣೋ ಹಾಗೆ ಇದ್ರೆ ಸಾಕು," ಎಂದಿದ್ದರು.

ಸ್ಕೇಲಕ್ಕ ಇಪ್ಪತ್ತು ಅಡಿ ಉದ್ದ, ಹದಿನಾಲ್ಕು ಅಡಿ ಅಗಲದ ಕೋಣೆ ಬರೆದರು. ಹಿತ್ತಿಲ ಕಡೆ ನೆಲದಿಂದ ಸೂರಿನವರೆಗೆ ಗಾಜು. ಹಳೆಯ ಹಿಂಗೋಡೆಯೇ ಹೊಸ ಕೋಣೆಯ ಒಂದು ಗೋಡೆ. ಒಳಕೋಣೆಯ ಆ ಕಿಟಕಿಯನ್ನು ಕಟ್ಟಿ ಮುಚ್ಚಿ, ಊಟದ ಕೋಣೆಯ ಕಡೆಗೆ ಪಿಂಗಾಣಿ ಸಾಮಾನು ಇಡುವ ಗೂಡು ಮಾಡುವುದು. ಒಳಕೋಣೆಗೆ ಮೆಟ್ಟಿಲ ಕಡೆಯಿಂದ ಬೆಳಕು ಧಾರಾಳವಾಗಿದೆ ಎಂದು ನೋಟ್‌ಬುಕ್ ಹೇಳುತ್ತಿತ್ತಲ್ಲ! ಅದರ ರಟ್ಟಿನ ಮಾದರಿ ಮಾಡಿಕೊಂಡು ಹೋದ ದಿನ ಮನೆಯವರೆಲ್ಲ ಸುತ್ತ ನಿಂತರು. ಚಿಕ್ಕಪ್ಪ ಗಡಿಯಾರ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ರಟ್ಟಿನ ಕೋಣೆಯೊಳಗೆ ಬಹಳ ಹೊತ್ತು ಇಣುಕಿದರು. ಆಮೇಲೆ ರಟ್ಟಿನ ಗೂಡನ್ನು ಬೆರಳ ತುದಿಯಿಂದ ಮುಟ್ಟಿ, ಹಿರಿಸೊಸೆಯ ಕಡೆ ನೋಡಿ, "ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ಇವಳು ಇದರಲ್ಲಿ ಕೂತು ಉಣ್ಲಿ," ಎಂದರು.

ಅನುಮತಿ ಕೊಡಬೇಕಾದ ಪಾರಂಪರಿಕ ಕಟ್ಟಡಗಳ ಕಚೇರಿಯ ಅಧಿಕಾರಿ ಮಾತು ಕಡಿಮೆಯ ಹೆಂಗಸು. ನಕ್ಷೆ ನೋಡಿ ಒಂದೇ ಪ್ರಶ್ನೆ ಕೇಳಿದರು. "ಹಳೆ ಗೋಡೆಗೆ ಅಂಟಿಸಲೇಬೇಕಾ?"

"ಅಗಲ ಬೇಕಲ್ಲ ಮೇಡಂ. ಒಳಕೋಣೆಗೆ ಏನೂ ತೊಂದ್ರೆ ಆಗಲ್ಲ, ನಾನೇ ಅಳೆದಿದೀನಿ," ಎಂದರು ಸ್ಕೇಲಕ್ಕ. ಅವರ ನೋಟ್‌ಬುಕ್ಕಿನ ಏಳು ದಿನದ ಅಂಕಿಗಳನ್ನು ಕಂಡು ಅಧಿಕಾರಿ ಮುದ್ರೆ ಒತ್ತಿದರು.

ಪಾಯ ಮುಗಿಯಿತು. ನಾಲ್ಕು ಪಿಲ್ಲರ್ ಎದ್ದವು, ಎರಡು ಹಳೆಯ ಗೋಡೆಯ ಪಕ್ಕ, ಎರಡು ಹಿತ್ತಿಲ ಕಡೆ. ಮುಂದಿನ ಶುಕ್ರವಾರ ಸೂರಿನ ಕಾಂಕ್ರೀಟು. ಸೋಮವಾರ ಬೆಳಗ್ಗೆ, ಎಂದಿನಂತೆ ಮೊದಲೇ ಹೇಳಿ, ಕಾಂಕ್ರೀಟಿನ ಕೆಳಗೆ ಜೋಡಿಸಲು ತಂದ ಸೆಂಟ್ರಿಂಗ್ ಹಲಗೆ ಪರೀಕ್ಷಿಸಲು ಹೋದ ಸ್ಕೇಲಕ್ಕ ತಮ್ಮ ಉಕ್ಕಿನ ಸ್ಕೇಲನ್ನು ಅಲ್ಲೇ ಮರೆತು ಬಂದರು. ಮಧ್ಯಾಹ್ನ ಮೂರರ ಹೊತ್ತಿಗೆ, ಫೋನೂ ಮಾಡದೆ, ಅದನ್ನು ತರಲು ಹೋದರು.

ತಲೆಬಾಗಿಲಿನ ಒಂದೇ ಕದ ತೆರೆದಿತ್ತು. ಕಾಲಿಟ್ಟರೆ ಕಣ್ಣಿಗೆ ಏನೂ ಕಾಣಲಿಲ್ಲ. ತಮಗೆ ತಲೆ ಸುತ್ತಿತೇನೋ ಎಂದುಕೊಂಡು ಗೋಡೆ ಹಿಡಿದು ನಿಂತರು. ಕಿಟಕಿಗಳ ಹಲಗೆ ಹಾಕಿತ್ತು, ಬೀದಿಯ ಧೂಳು ಬರದಿರಲೆಂದು. ನಡುಬಾಗಿಲುಗಳು ಮುಚ್ಚಿದ್ದವು. ಗವಾಕ್ಷಿಯ ಮುಚ್ಚಳ ಬಿಗಿದಿತ್ತು. ತಡವರಿಸುತ್ತಾ ಕೊನೆಯ ಬಾಗಿಲು ತಳ್ಳಿದರು. ಒಳಕೋಣೆಯೆಲ್ಲ ಮಬ್ಬು. ಅದರ ಒಂದೇ ಮೂಲೆಯಲ್ಲಿ, ಆ ಕಿಟಕಿಯಿಂದ ಬಂದ ಚಾಪೆಯಗಲದ ಬೆಳಕಿನೊಳಗೆ, ಚಿಕ್ಕಪ್ಪ ಮೇಜಿನ ಮೇಲೆ ಬಾಗಿ ಕೂತಿದ್ದರು. ಮೇಜಿನ ಮೇಲೆ ಬಟ್ಟೆ ಇರಲಿಲ್ಲ. ಬಿಚ್ಚಿದ ಕೈಗಡಿಯಾರಗಳು, ಸಣ್ಣ ಸಣ್ಣ ಗಾಜಿನ ಬಟ್ಟಲುಗಳಲ್ಲಿ ಹಲ್ಲಿನ ಚಕ್ರಗಳು, ಸಾಲಾಗಿ ಚಿಮಟಗಳು. ಎಲ್ಲೆಲ್ಲಿಂದಲೋ ಅಂಚೆಯಲ್ಲಿ ಬಂದ ಪೊಟ್ಟಣಗಳು ಗೋಡೆಗೆ ಒರಗಿದ್ದವು.

"ಯಾರದು? ಬಾಗಿಲು ಮುಚ್ಚಿ, ಗಾಳಿ ಬರತ್ತೆ," ಎಂದರು ತಲೆಯೆತ್ತದೆ. ಅವರ ಚಿಮಟದ ತುದಿಯಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಸುರುಳಿಯೊಂದು ನಡುಗುತ್ತಿತ್ತು.

ಸ್ಕೇಲಕ್ಕ ಬಾಗಿಲು ಮುಚ್ಚಿದರು. ನಿಂತಲ್ಲೇ ಚೀಲದಿಂದ ಔಷಧಿ ಚೀಟಿ ತೆಗೆದರು. ಕಪ್ಪು ಗೆರೆಗಳು ಕಂಡವು, ಅಕ್ಷರ ಕಾಣಲಿಲ್ಲ. ಮೂರು ಗಂಟೆ, ಹೊರಗೆ ಸುಡುಬಿಸಿಲು. ಕಿಟಕಿಯ ಹತ್ತಿರ ಹೋದರೆ ಮಾತ್ರ ಓದಬಹುದಾಗಿತ್ತು.

"ಚಿಕ್ಕಪ್ಪ, ದಿನಾ ಹೀಗೇನಾ?"

ಅವರು ಈಗ ತಲೆಯೆತ್ತಿದರು. ಗಡಿಬಿಡಿಯಲ್ಲಿ ಬಟ್ಟೆ ಹೊದಿಸಲು ಹೋಗಿ, ಅರ್ಧಕ್ಕೇ ಕೈಬಿಟ್ಟರು. "ಅಯ್ಯೋ, ನೀವಾ! ಬರ್ತೀನಿ ಅಂದಿದ್ರೆ ಮನೆ ಬಿಚ್ತಿದ್ವಲ್ಲ."

"ದೀಪ ಹಾಕ್ಕೊಂಡು ಮಾಡಕ್ಕಾಗಲ್ವಾ?"

"ದೀಪ ಹಚ್ಚಿದ್ರೆ ನನ್ನ ಕೈ ನೆರಳೇ ಅಡ್ಡ ಬಂದು ಕೂರತ್ತೆ. ಆಪರೇಷನ್ ಆದ್ಮೇಲೆ ಈ ಕಣ್ಣಿಗೆ ಬಲ್ಬು ಕಂಡ್ರೆ ನೀರು ಬೇರೆ. ಆಕಾಶದ ಬೆಳಕಾದ್ರೆ ಎಲ್ಲಾ ಕಡೆಯಿಂದ ಬರತ್ತೆ ನೋಡಿ." ಆಮೇಲೆ ದನಿ ತಗ್ಗಿಸಿ, "ಇದನ್ನ ನಮ್ಮ ಸೊಸೆ ಹತ್ರ ಎತ್ತಬೇಡಿ," ಎಂದರು.

ಸ್ಕೇಲಕ್ಕ ಸ್ಕೇಲನ್ನು ಮರೆತೇ ಮನೆಗೆ ಬಂದರು.

ಶುಕ್ರವಾರಕ್ಕೆ ನಾಲ್ಕು ದಿನ. ಮುಂದಿನೆರಡು ದಿನ ಅವರ ಸಂಕಟ ನೋಡಲಾಗುತ್ತಿರಲಿಲ್ಲ. ಬಟ್ಟೆ ಮಡಿಸಲು ಕೂತರೆ ಒಂದೇ ಟವಲನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸುವರು. ಬೀದಿಯಲ್ಲಿ ಎಲ್ಲಾದರೂ ಕಾಂಕ್ರೀಟು ಕಲೆಸುವ ಯಂತ್ರದ ಗಡಗಡ ಕೇಳಿದರೆ ಎದ್ದು ಬಾಲ್ಕನಿಗೆ ಹೋಗಿ ನಿಲ್ಲುವರು. ಮಂಗಳವಾರ ಮೇಸ್ತ್ರಿಯ ಹತ್ತಿರ ಮೆಲ್ಲಗೆ ಮಾತೆತ್ತಿದ್ದರು.

ಮೇಸ್ತ್ರಿ ತಲೆ ಕೆರೆದುಕೊಂಡು, "ಅದಕ್ಕೇನಕ್ಕ? ಎರಡು ಟ್ಯೂಬ್‌ಲೈಟ್ ಹಾಕಿದ್ರೆ ಮುಗೀತು. ಮುದುಕರಿಗೆ ಹಗಲೇನು ರಾತ್ರಿಯೇನು," ಎಂದನು. "ಕಂಬಿ ಕತ್ತರಿಸಿ ಆಗಿದೆ. ಈಗ ಬಂದು ಕಿಟಕಿ ಅಂದ್ರೆ ನನ್ನ ಆಳುಗಳು ನನ್ನನ್ನೇ ಕಾಂಕ್ರೀಟಲ್ಲಿ ಹಾಕ್ತಾರೆ."

ಸಾಹೇಬರು ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೊಂಡೇ ಕೇಳಿಸಿಕೊಂಡರು. "ಮನೆಯವರು ಒಪ್ಪಿದಾರೆ. ಆ ಯಜಮಾನರೇ 'ಎತ್ತಬೇಡಿ' ಅಂದಿದಾರೆ. ನಿನಗ್ಯಾಕಮ್ಮ ಇಲ್ಲದ ಉಸಾಬರಿ? ಮೊದಲನೇ ಕೆಲಸಾನೇ ತಪ್ಪು ಅಂತ ನೀನೇ ಡಂಗುರ ಸಾರಿದ್ರೆ, ಎರಡನೇದು ಯಾರು ಕೊಡ್ತಾರೆ?"

ಬುಧವಾರ ಬೆಳಗ್ಗೆ ಇದೆಲ್ಲವನ್ನೂ ನನಗೆ ಹೇಳಿ, "ಹೇಳಿದ್ರೆ ಆ ಅಮ್ಮನ ಕೋಣೆ ಹೋಗತ್ತೆ. ಹೇಳದಿದ್ರೆ ಅವರ ಕಿಟಕಿ ಹೋಗತ್ತೆ. ಎರಡರಲ್ಲೂ ನನ್ನ ಕೈ ಇದೆ," ಎಂದರು. ಕೇಳಿಸಿಕೊಳ್ಳುವುದಷ್ಟೇ ನನ್ನಿಂದಾಗುವುದು. ಅವರು ಹೋದ ಮೇಲೆ ದೇವರ ಮುಂದೆ ಕಣ್ಣು ಮುಚ್ಚಿ ಕೂತೆ. ಏನು ಬೇಡಬೇಕೆಂದು ತೋಚಲಿಲ್ಲ. ಅವರ ಬಾಯಿ ಬಿಡಿಸಪ್ಪಾ, ಮಿಕ್ಕಿದ್ದು ನಿನಗೆ ಬಿಟ್ಟಿದ್ದು ಎಂದಷ್ಟೇ ಕೇಳಿಕೊಂಡೆ.

ಅದೇ ಮಧ್ಯಾಹ್ನ ಬಂದು, "ನೀವೂ ಬನ್ನಿ. ಒಬ್ಬಳೇ ಹೋದ್ರೆ ಬೀದಿ ತಿರುವಿನಿಂದಲೇ ವಾಪಸ್ ಬಂದುಬಿಡ್ತೀನಿ," ಎಂದರು. ಹೋದೆವು.

ಹಿರಿಸೊಸೆ ನಮ್ಮನ್ನು ಕಂಡೊಡನೆ ಗವಾಕ್ಷಿಯ ಹಗ್ಗಕ್ಕೆ ಕೈ ಹಾಕಿದರು.

"ಬೇಡಮ್ಮ," ಎಂದರು ಸ್ಕೇಲಕ್ಕ. ಅವರ ದನಿ ನನಗೇ ಗುರುತು ಸಿಗದಷ್ಟು ಬದಲಾಗಿತ್ತು. "ದಯವಿಟ್ಟು ಏನೂ ಬಿಚ್ಚಬೇಡಿ. ಹೀಗೇ ಇರ್ಲಿ."

ಚಿಕ್ಕಪ್ಪ ಕೂತಿದ್ದ ಒಳಕೋಣೆಗೆ ಹೋಗಿ, ಹಿರಿಸೊಸೆಯ ಕೈಗೆ ಔಷಧಿ ಚೀಟಿ ಕೊಟ್ಟು ಓದಲು ಹೇಳಿದರು. "ನಂಗೆ ಕನ್ನಡಕ ಬೇಕು," ಎಂದರು ಅವರು. ಕನ್ನಡಕ ತಂದು ಹಾಕಿಕೊಂಡರೂ ಓದಲಾಗಲಿಲ್ಲ. ಸ್ಕೇಲಕ್ಕ ಅವರನ್ನು ಕಿಟಕಿಯ ಬಳಿಗೆ ಕರೆದೊಯ್ದರು. ಓದಿದರು. ಆಮೇಲೆ ಸ್ಕೇಲಕ್ಕ ಕಿಟಕಿಯ ಕದ ಮುಚ್ಚಿದರು. ಕೋಣೆಯಲ್ಲಿ ಗಡಿಯಾರಗಳ ಟಿಕಟಿಕ ಮಾತ್ರ ಉಳಿಯಿತು.

"ಶುಕ್ರವಾರ ಆದ್ಮೇಲೆ ಇಷ್ಟೇ ಅಮ್ಮ. ನಾನು ತಪ್ಪು ಅಳೆದೆ."

ಮಬ್ಬಿನಲ್ಲಿ ಹಿರಿಸೊಸೆಯ ಮುಖ ಕಾಣುತ್ತಿರಲಿಲ್ಲ. ಅವರು ಕಿಟಕಿಯನ್ನು ತಾವೇ ತೆರೆದರು. ತಿರುಗಿದ್ದು ಸ್ಕೇಲಕ್ಕನ ಕಡೆಗಲ್ಲ.

"ಮಾವಾ, ನಿಮಗೆ ಗೊತ್ತಿತ್ತು."

ಚಿಕ್ಕಪ್ಪ ಒಂದು ಸ್ಕ್ರೂ ಹುಡುಕುವವರಂತೆ ಮೇಜು ನೋಡುತ್ತಿದ್ದರು. "ಮೂವತ್ತೆರಡು ವರ್ಷದಲ್ಲಿ ಒಂದು ಕೋಣೆ ಕೇಳಿದೆಯಮ್ಮ ನೀನು. ಅದಕ್ಕೂ ನಾನು ಅಡ್ಡ ಮಲಗಲಾ?"

"ಕತ್ತಲಲ್ಲಿ ಕೂತು ತ್ಯಾಗ ಮಾಡೋಕೆ ನನ್ನ ಊಟದ ಕೋಣೇನೇ ಬೇಕಿತ್ತಾ ನಿಮಗೆ? ಗೋಡೆ ಆಚೆ ನೀವು ಕುರುಡರ ಹಾಗೆ ತಡಕಾಡ್ತಿರೋದು, ಈಚೆ ನಾನು ಗಾಜಿನ ಕೋಣೇಲಿ ಊಟ ಮಾಡೋದು. ಗಂಟಲಲ್ಲಿ ಇಳಿಯತ್ತಾ ಅದು? ಕೇಳಿದ್ರೆ ಬೇಡ ಅಂತಿದ್ನಾ ನಾನು? ನನ್ನನ್ನ ಇಷ್ಟು ಕೆಟ್ಟೋಳು ಅಂದ್ಕೊಂಡ್ರಾ?" ಎಂದವರು ಸೆರಗಿನಿಂದ ಮುಖ ಒರೆಸಿಕೊಂಡು, ಈಗ ಸ್ಕೇಲಕ್ಕನ ಕಡೆ ತಿರುಗಿದರು. "ನೀವಾದ್ರೂ ಏಳು ಸಲ ಬಂದ್ರಿ! ಏಳು ಸಲ ಕೂತು ಓದಿದ್ರಿ!"

"ಏಳು ಸಲಾನೂ ನೀವು ಮನೆ ಬಿಚ್ಚಿದ್ರಿ, ಅಮ್ಮ. ಅದು ದಿನದ ಬೆಳಕು ಅಂತ ನಾನು ನಂಬಿದೆ. ಕೇಳಬೇಕಿತ್ತು. ಕೇಳಲಿಲ್ಲ."

ಹಿರಿಸೊಸೆಯ ಕೈ ಸೆರಗಿನಲ್ಲೇ ನಿಂತಿತು. ಚಿಕ್ಕಪ್ಪ ಮೆಲ್ಲಗೆ, "ನಾನೂ ಏಳು ಸಲ ಮೇಜಿಗೆ ಬಟ್ಟೆ ಹೊದಿಸಿದೆ. ಬಂದವರಿಗೆ ಗಲೀಜು ಕಾಣಬಾರದು ಅಂತ," ಎಂದರು. ಹಿರಿಸೊಸೆ ನಮಗೆ ಕೂರಲು ಹೇಳಿದರು.

ಸ್ಕೇಲಕ್ಕ ಬರುವಾಗಲೇ ಒಂದು ಹಾಳೆ ಮಡಿಸಿ ತಂದಿದ್ದರು. ಹಳೆಯ ಗೋಡೆಗೂ ಹೊಸ ಕೋಣೆಗೂ ನಡುವೆ ನಾಲ್ಕು ಅಡಿ ಬಯಲು ಬಿಡುವುದು, ಮೇಲೆ ಸೂರಿಲ್ಲದೆ, ಬರೀ ಆಕಾಶ. ನಿಂತಿರುವ ಎರಡು ಪಿಲ್ಲರುಗಳು ಆ ಬಯಲಿನಲ್ಲೇ ನಿಂತು ತೊಲೆ ಹೊರುತ್ತವೆ, ಸೂರು ಮಾತ್ರ ಹಳೆಯ ಗೋಡೆಗೆ ನಾಲ್ಕು ಅಡಿ ಮೊದಲೇ ನಿಲ್ಲುತ್ತದೆ. ಕಿಟಕಿಯ ಎದುರಿನ ಹೊಸ ಗೋಡೆಗೆ ಬಿಳಿ ಸುಣ್ಣ, ಬೆಳಕು ಅದಕ್ಕೆ ಬಡಿದು ಒಳಗೆ ಬರಲೆಂದು.

"ಹೊಳೆಯೋ ಬಣ್ಣ ಬೇಡ, ಸುಣ್ಣವೇ ಇರ್ಲಿ," ಎಂದು ಚಿಕ್ಕಪ್ಪ ತಟ್ಟನೆ ಅಂದು, ಅಂದದ್ದಕ್ಕೆ ನಾಚಿಕೊಂಡು ಸುಮ್ಮನಾದರು.

"ಕೋಣೆ ಎಷ್ಟು ಉಳಿಯತ್ತೆ?" ಎಂದರು ಹಿರಿಸೊಸೆ.

ಸ್ಕೇಲಕ್ಕ ಹಾಳೆಯನ್ನು ಅವರ ಕಡೆಗೆ ತಿರುಗಿಸಿದರು. "ಹದಿನಾಲ್ಕು ಅಡಿ ಅಗಲ ಹತ್ತಾಗತ್ತೆ. ಒಂಬತ್ತು ಜನರ ಮೇಜು ಹಿಡಿಸತ್ತೆ. ಆದ್ರೆ ಎಲ್ಲರೂ ಕೂತ ಮೇಲೆ ಕುರ್ಚಿ ಹಿಂದೆ ಯಾರೂ ಓಡಾಡೋಕಾಗಲ್ಲ. ನಿಂತು ಬಡಿಸೋಕೆ ಜಾಗ ಇರಲ್ಲ." ತಪ್ಪೊಪ್ಪಿಗೆಯ ಎರಡನೆಯ ಭಾಗ ಎಂಬಂತೆ ಹೇಳಿದರು.

"ಮತ್ತೆ ಬಡಿಸೋರು?"

"ಪಾತ್ರೆಗಳನ್ನ ಮೇಜಿನ ಮೇಲೇ ಇಡಬೇಕು. ಬಡಿಸೋರೂ... ಕೂತೇ ಬಿಡಬೇಕು."

ಹಿರಿಸೊಸೆ ಹಾಳೆಯ ಮೇಲಿನ ಕುರ್ಚಿಯ ಚೌಕಗಳನ್ನು ಬೆರಳಿಟ್ಟು ಎಣಿಸಿದರು. ಒಂಬತ್ತನೆಯದರ ಮೇಲೆ ಬೆರಳು ನಿಂತಿತು. "ಕಾಫಿ ತರ್ತೀನಿ," ಎಂದು ಎದ್ದುಹೋದರು. ಅದು ಒಪ್ಪಿಗೆಯೋ ಕೋಪವೋ ಎಂದು ಸ್ಕೇಲಕ್ಕ ದಾರಿಯುದ್ದಕ್ಕೂ ನನ್ನನ್ನು ಕೇಳುತ್ತಲೇ ಬಂದರು.

ಒಪ್ಪಿಗೆಯೇ ಆಗಿತ್ತು. ಆದರೆ ಆತಂಕ ಅಲ್ಲಿಗೆ ಮುಗಿಯಲಿಲ್ಲ. ಬದಲಾದ ನಕ್ಷೆಗೆ ಕಚೇರಿಯ ಅನುಮತಿ ಮತ್ತೆ ಬೇಕು, ಅದು ಬರುವವರೆಗೆ ಕೆಲಸ ನಿಲ್ಲಿಸಬೇಕು. ಮೋಡಗಳು ಕಟ್ಟತೊಡಗಿದ್ದವು. ಮೇಸ್ತ್ರಿ, "ಆ ನಾಲ್ಕು ಅಡೀಲಿ ಬಿದ್ದ ಮಳೆ ನೀರು ಎಲ್ಲಿಗೆ ಹೋಗಬೇಕು, ನನ್ನ ಮನೆಗಾ?" ಎಂದು ಸಿಡುಕಿದನು. ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ಸ್ಕೇಲಕ್ಕ ಕೂತು ಮೋರಿಯ ಇಳಿಜಾರು ಬರೆದರು. ಸಾಹೇಬರು ಗೊಣಗುತ್ತಲೇ ತೊಲೆಯ ಲೆಕ್ಕವನ್ನು ಹೊಸದಾಗಿ ಮಾಡಿದರು. ಮುಗಿಸಿ, "ಲೆಕ್ಕ ಕೂಡತ್ತೆ. ಆ ಅರ್ಜೀಲಿ ಬದಲಾವಣೆಗೆ ಕಾರಣ ಅಂತ ಒಂದು ಗೆರೆ ಇರತ್ತಲ್ಲ, ತಾಂತ್ರಿಕ ಕಾರಣ ಅಂತ ಬರಿ, ಸಾಕು," ಎಂದರು.

ಸ್ಕೇಲಕ್ಕ ಆ ಗೆರೆಯ ಮುಂದೆ ಅರ್ಧ ದಿನ ಕೂತರು. 'ವಿನ್ಯಾಸ' ಎಂಬಲ್ಲಿ ಅವರ ಪೂರ್ತಿ ಹೆಸರಿತ್ತು. ಮೂವತ್ತೊಂದು ವರ್ಷಕ್ಕೆ ಬಂದ ಹೆಸರು. ಅದರ ಕೆಳಗೆ, ಅದೇ ಮುದ್ದಾದ ಅಕ್ಷರದಲ್ಲಿ ಬರೆದರು: ಒಳಕೋಣೆಯ ಬೆಳಕನ್ನು ನಾನು ತಪ್ಪಾಗಿ ಅಳೆದಿದ್ದೆ.

ಅಧಿಕಾರಿ ಅದನ್ನು ಎರಡು ಸಲ ಓದಿದರು.

"ಹೇಗೆ ತಪ್ಪಾಯ್ತು?"

ಮನೆ ಬಿಚ್ಚುವ ಕತೆ ಹೇಳಿದರು. ಅಧಿಕಾರಿ ನಗಲೂ ಇಲ್ಲ, ಬೈಯಲೂ ಇಲ್ಲ. "ಆ ಮನೆಗೆ ನಾನೂ ಹೋಗಿದ್ದೆ," ಎಂದರು ಕೊನೆಗೆ. "ನನಗೂ ಬಿಚ್ಚಿದ್ರು." ಕಡತವನ್ನು ಪಕ್ಕಕ್ಕಿಟ್ಟರು. ಮುದ್ರೆ ಬೀಳಲು ಇಪ್ಪತ್ತಮೂರು ದಿನ ಹಿಡಿಯಿತು. ಅದರಲ್ಲಿ ನಾಲ್ಕು ದಿನ ಮಳೆ ಬಂತು. ಆ ನಾಲ್ಕು ದಿನವೂ ಸ್ಕೇಲಕ್ಕ ಆಫೀಸಿಗೆ ಹೋಗುವ ದಾರಿ ಬಳಸಿಕೊಂಡು, ಆ ಮನೆಯ ಹಿಂದಿನ ಓಣಿಯಲ್ಲಿ ಕೊಡೆ ಹಿಡಿದು ನಿಂತು, ಹಳೆಯ ಗೋಡೆಯ ಬುಡದಲ್ಲಿ ನೀರು ನಿಂತಿದೆಯೇ ಎಂದು ನೋಡಿ ಬರುತ್ತಿದ್ದರು.

ಕೋಣೆ ಮುಗಿದ ಮೇಲೆ ಒಂದು ಭಾನುವಾರದ ಊಟಕ್ಕೆ ನಮ್ಮಿಬ್ಬರನ್ನೂ ಕರೆದರು. ಸ್ಕೇಲಕ್ಕ ಅದಕ್ಕೆ ಎರಡು ದಿನ ಮುಂಚೆ, ಯಾರಿಗೂ ಹೇಳದೆ, ಮಧ್ಯಾಹ್ನ ಎರಡೂವರೆಗೆ ಹೋದರು. ನಾನು ಜೊತೆಗಿದ್ದೆ. ಒಂಟಿ ಕದ, ಮುಚ್ಚಿದ ನಡುಬಾಗಿಲುಗಳು, ಬಿಗಿದ ಗವಾಕ್ಷಿ. ಒಳಕೋಣೆಯಲ್ಲಿ ಚಿಕ್ಕಪ್ಪ ಕುರ್ಚಿ ಬಿಟ್ಟುಕೊಟ್ಟು ಪಕ್ಕದ ಸ್ಟೂಲಿನ ಮೇಲೆ ಕೂತರು. ಸ್ಕೇಲಕ್ಕ ಅವರ ಜಾಗದಲ್ಲಿ ಕೂತು ಚೀಟಿ ಹಿಡಿದರು.

ಕಿಟಕಿಯಾಚೆ ನಾಲ್ಕು ಅಡಿಯಲ್ಲಿ ಸುಣ್ಣದ ಗೋಡೆ. ಎರಡು ಬೋಳು ಪಿಲ್ಲರುಗಳು. ಮೇಲೆ ಒಂದು ಪಟ್ಟಿಯಷ್ಟು ಆಕಾಶ. ಬೆಳಕು ಮೊದಲಿನಂತೆ ಚಾಪೆಯಾಗಿ ಬಿದ್ದಿರಲಿಲ್ಲ, ಹಾಲಿನ ಹಾಗೆ ಮೇಜಿನ ಸುತ್ತ ಹರಡಿತ್ತು. ಮೂರು ಗಂಟೆ. ಮೂರೂವರೆ. ಸ್ಕೇಲಕ್ಕನ ತುಟಿ ಅಕ್ಷರಗಳ ಜೊತೆ ಅಲುಗುತ್ತಿತ್ತು. ನಾಲ್ಕು. ನಾಲ್ಕೂ ಇಪ್ಪತ್ತಕ್ಕೆ ಅವರು ಚೀಟಿಯನ್ನು ಕಣ್ಣಿಗೆ ಹತ್ತಿರ ತಂದರು, ಮತ್ತೆ ದೂರ ಹಿಡಿದರು. ಕೆಳಗಿಟ್ಟರು.

"ಮುಂಚೆ ಎಷ್ಟರವರೆಗೆ ಆಗ್ತಿತ್ತು ಚಿಕ್ಕಪ್ಪ? ನಿಜ ಹೇಳಿ."

"ಐದೂವರೆ."

"ಒಂದು ಗಂಟೆ ಹತ್ತು ನಿಮಿಷ ಹೋಯ್ತು."

"ಹೋಯ್ತು," ಎಂದರು ಚಿಕ್ಕಪ್ಪ. ಅವರು ಸುಳ್ಳು ಸಮಾಧಾನ ಹೇಳಲಿಲ್ಲ, ಅದು ನನಗೆ ಹಿಡಿಸಿತು. ಭೂತಗನ್ನಡಿಯನ್ನು ಡಬ್ಬಿಯಲ್ಲಿಟ್ಟರು, ಚಕ್ರಗಳ ಬಟ್ಟಲುಗಳನ್ನು ಒಂದೊಂದಾಗಿ ಮುಚ್ಚಿದರು. "ದಿನಕ್ಕೆ ಅಷ್ಟು ನಿಧಾನ ಹೋಗೋ ಗಡಿಯಾರ ಯಾರಾದ್ರೂ ತಂದಿದ್ರೆ, ಇದು ರಿಪೇರಿ ಆಗಲ್ಲ ಅಂತ ವಾಪಸ್ ಕೊಡ್ತಿದ್ದೆ," ಎಂದರು. "ನನ್ನನ್ನ ಯಾರಿಗೆ ವಾಪಸ್ ಕೊಡೋದು? ಏಳಿ, ಅವಳು ಕಾಫಿಗೆ ಕಾಯ್ತಿರ್ತಾಳೆ."

ಅಡುಗೆಮನೆ ದಾಟಿ ಹೊಸ ಕೋಣೆಗೆ ಹೋದೆವು. ಗಾಜಿನ ಕಡೆಯಿಂದ ಇಳಿಬಿಸಿಲು ಮೇಜಿನ ಉದ್ದಕ್ಕೂ ಬಿದ್ದಿತ್ತು. ಮನೆಯವರು ನಾಲ್ವರು ಆಗಲೇ ಕೂತಿದ್ದರು. ಹಿರಿಸೊಸೆ ಕಾಫಿಯ ತಟ್ಟೆ ಹಿಡಿದು ಕುರ್ಚಿಗಳ ಹಿಂದೆ ನುಸುಳಲು ನೋಡಿ, ಅರ್ಧದಲ್ಲಿ ಸಿಕ್ಕಿಕೊಂಡು ನಿಂತಿದ್ದರು. ಮುಂದಕ್ಕೂ ಹೋಗುವಂತಿಲ್ಲ, ಹಿಂದಕ್ಕೂ ಬರುವಂತಿಲ್ಲ.

"ದಿನಾ ಇದೇ ಗೋಳು," ಎಂದರು ಸ್ಕೇಲಕ್ಕನನ್ನು ಕಂಡು, ದೂರುವ ದನಿಯಲ್ಲಿ. "ಇಷ್ಟು ಇಕ್ಕಟ್ಟಾಗಿ ಬರೆದ್ರಲ್ಲ ನೀವು!" ಎನ್ನುತ್ತಾ ತಟ್ಟೆಯನ್ನು ಮೇಜಿನ ನಡುವೆ ಇಟ್ಟು, ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತರು.

ಸ್ಕೇಲಕ್ಕ ಬಾಗಿಲ ಬಳಿಯೇ ನಿಂತು ನೋಟ್‌ಬುಕ್ ತೆಗೆದರು. ನಾಲ್ಕೂ ಇಪ್ಪತ್ತು ಎಂದು ಬರೆದರು. ಅದರ ಪಕ್ಕದಲ್ಲಿ ಹೊಸದಾಗಿ ಒಂದು ಗೆರೆ ಎಳೆದು, ಎಲ್ಲ ಬಾಗಿಲುಗಳೂ ಮುಚ್ಚಿದ್ದವು ಎಂದು ಬರೆದರು.